ಅಪ್‌ಡೇಟ್: ಶೌರ್ಯ ಪದಕ ಪಡೆದ ಸೈನಿಕರ ವಿಕಿಪೀಡಿಯ ಲೇಖನ ಏನಾಯಿತು?

ಎರಡನೇ ದರ್ಜೆಯ ಶೌರ್ಯ ಪದಕ ಪಡೆದ ಸೈನಿಕರೊಬ್ಬರಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರತ್ಯೇಕ ಲೇಖನ ಸಲ್ಲುತ್ತದೆಯೇ ಎಂದು ಇತ್ತೀಚೆಗೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಯಾರಿಗೆ ಲೇಖನ ಸಲ್ಲುತ್ತದೆ ಎಂದು ನಿರ್ಧರಿಸಲು ಸೈನಿಕರಿಗೆಂದೇ ಇದ್ದ ಮಾನದಂಡವನ್ನು ಆಧರಿಸಿ ಎಂಬ ಸಲಹೆ ಫಲಿಸಲಿಲ್ಲ. ಸೇನಾ ಇತಿಹಾಸ ಯೋಜನೆಯವರು (ಆ ವಿಷಯದ ಲೇಖನಗಳನ್ನು ನೋಡಿಕೊಳ್ಳುವ ವಿಕಿಪೀಡಿಯ ಸಂಪಾದಕರ ಗುಂಪು) ಅದನ್ನು 2021ರಲ್ಲೇ ಕೈಬಿಟ್ಟಿದ್ದಾರೆಂಬುದು ನನಗೆ ಹೊಸ ವಿಷಯ. ನೆರವಾದದ್ದು, ಪದಕವನ್ನು ಬದಿಗಿಟ್ಟು ಸ್ವತಂತ್ರ ಆಕರಗಳು ಅವರ ಬದುಕಿನ ಬಗ್ಗೆ ಎಷ್ಟು ವಿವರವಾಗಿ ಬರೆದಿವೆ ಎಂದು ನೋಡಿ ಎಂಬ ಸಲಹೆ. ಹಾಗೆ ನೋಡಿದಾಗ, ಗಾಯಗೊಂಡ ಸಂಗಾತಿಯನ್ನು ಗುಂಡಿನ ಸುರಿಮಳೆಯ ನಡುವೆ ಹೊತ್ತು ತಂದ ಪ್ರಸಂಗವನ್ನು ಎಲ್ಲ ಪತ್ರಿಕೆಗಳೂ ಪದಕದ ಅಧಿಕೃತ ಪ್ರಶಸ್ತಿಪತ್ರದ ಮಾತುಗಳಲ್ಲೇ ಮುದ್ರಿಸಿದ್ದವು. ಆದ್ದರಿಂದ ವರದಿಗಳು ಹಲವಾದರೂ ಆಕರ ಒಂದೇ, ಅದೂ ಪ್ರಾಥಮಿಕ ಆಕರ, ಅಂದರೆ ವಿಷಯಕ್ಕೆ ನೇರ ಸಂಬಂಧವುಳ್ಳವರೇ ಬರೆದದ್ದು. ಅವರ ಬಾಲ್ಯ, ನಿವೃತ್ತ ಜೀವನಗಳ ಬಗ್ಗೆ ಎಲ್ಲಿಯೂ ಒಂದು ಸಾಲಿಲ್ಲ.

ಕೊನೆಗೆ ಆ ಕದನದ ಲೇಖನದಲ್ಲಿ ಅವರ ಕುರಿತು ಒಂದು ಪ್ಯಾರಾ ಸೇರಿಸಿ, ಅವರ ಹೆಸರಿನಿಂದ ಅಲ್ಲಿಗೆ ಪುನರ್ನಿರ್ದೇಶನ ಮಾಡಲಾಯಿತು, ಅಂದರೆ ಅವರ ಹೆಸರಿನ ಪುಟ ತೆರೆದವರು ನೇರ ಆ ಲೇಖನಕ್ಕೆ ಹೋಗುತ್ತಾರೆ. ಇದು ಅವರ ಶೌರ್ಯದ ಅಳತೆಯಲ್ಲ, ಲಭ್ಯ ಬರಹಗಳ ಅಳತೆ ಎಂದೇ ನಾನು ಒಪ್ಪಿದ್ದೇನೆ. ಲೇಖನದ ಕರಡು, ಅವರ ಹೆಸರಿನ ಪುಟದ ಇತಿಹಾಸದಲ್ಲಿ (ಹಳೆಯ ಆವೃತ್ತಿಗಳ ದಾಖಲೆಯಲ್ಲಿ) ಉಳಿದಿರುವುದರಿಂದ, ಮುಂದೆ ಇತಿಹಾಸಕಾರರ ಬರಹಗಳು ದೊರೆತರೆ ಅಲ್ಲಿಂದಲೇ ಲೇಖನವನ್ನು ಬೆಳೆಸಬಹುದು.