ತಮ್ಮನಿಗೆ ಸುಲಿಗೆ ಕೇಸಿನಲ್ಲಿ 3 ವರ್ಷ ಶಿಕ್ಷೆ ಆಗಿದೆ, ಅಪೀಲು ಎಲ್ಲಿ ಹಾಕುವುದು?

ಮಲ್ಪೆಯ ಅಕ್ಕ:
ತಮ್ಮ ಇಲ್ಲೇ ಐಸ್ ಪ್ಲಾಂಟ್‌ನಲ್ಲಿ ಕೆಲಸಕ್ಕಿದ್ದ. 2023ರಲ್ಲಿ ಒಂದು ಸಂಜೆ ಬೈಕಿನಲ್ಲಿ ಬಂದ ಇಬ್ಬರು ಒಬ್ಬ ಅಮ್ಮನ ಕರಿಮಣಿ ಎಳೆದುಕೊಂಡು ಹೋದರು. ಆ ಕೇಸಿನಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟು ಕಳೆದ ವಾರ ಇವನಿಗೆ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂ 392ರಲ್ಲಿ, ಅಂದರೆ ಸುಲಿಗೆಗೆ, ಶಿಕ್ಷೆ ಕೊಟ್ಟಿದೆ. ಅಪೀಲು ಹಾಕಲೆಂದು ಜಾಮೀನು ಸಿಕ್ಕಿದೆ. ಮನೆಯಲ್ಲಿದ್ದಾನೆ, ಸರಿಯಾಗಿ ಊಟ ಮಾಡುತ್ತಿಲ್ಲ.

ಆ ಅಮ್ಮ ದೂರಿನಲ್ಲಿ ‘ಇಬ್ಬರೂ ಹೆಲ್ಮೆಟ್ ಹಾಕಿದ್ದರು, ಮುಖ ಕಾಣಲಿಲ್ಲ’ ಎಂದು ಬರೆಸಿದ್ದರು. ಕೋರ್ಟಿನಲ್ಲಿ ತಮ್ಮನ ಕಡೆ ಕೈ ತೋರಿಸಿ ‘ಇವನೇ’ ಎಂದರು. ಬೇಕೆಂದೇ ಸುಳ್ಳು ಹೇಳಿದರು ಎನ್ನಲಾರೆ, ಕರಿಮಣಿ ಕಳೆದುಕೊಂಡ ಸಂಕಟ ಅವರದ್ದು. ಆದರೆ ಸ್ಟೇಷನ್ನಿನಲ್ಲಿ ಮೊದಲೇ ಇವನ ಫೋಟೋ ತೋರಿಸಿದ್ದನ್ನು ಪಾಟೀ ಸವಾಲಿನಲ್ಲಿ (ನಮ್ಮ ವಕೀಲರು ಪ್ರಶ್ನೆ ಕೇಳಿದಾಗ) ಅವರೇ ಒಪ್ಪಿದ್ದಾರೆ. ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಗುರುತಿಸಲು ಹೇಳುವ ಗುರುತು ಪರೇಡ್ ಮಾಡಿಸಲೇ ಇಲ್ಲ. ಪೊಲೀಸರ ಮಹಜರಿಗೆ (ಸ್ಥಳದಲ್ಲಿ ಬರೆಯುವ ದಾಖಲೆಗೆ) ಸಾಕ್ಷಿಯಾಗಿ ಸಹಿ ಹಾಕಿದ ಪಂಚರೊಬ್ಬರು ‘ಸ್ಟೇಷನ್ನಿನಲ್ಲೇ ಸಹಿ ಹಾಕಿದೆ, ಜಾಗಕ್ಕೆ ಹೋಗಿಲ್ಲ’ ಎಂದಿದ್ದಾರೆ. ಕರಿಮಣಿ ಎಳೆದ ಹೊತ್ತಿಗೆ ತಮ್ಮ ಡ್ಯೂಟಿಯಲ್ಲಿದ್ದ. ಹಾಜರಿ ಪುಸ್ತಕವನ್ನು ಯಾರೂ ತರಿಸಲಿಲ್ಲ.

ಅಪೀಲಿಗೆ ಬೆಂಗಳೂರಿಗೆ ಹೋಗಬೇಕಾ? ಎಷ್ಟು ದಿನ ಇದೆ?

ವಕೀಲ, ಮಂಗಳೂರು:
ಬೆಂಗಳೂರು ಬೇಡ ಅಕ್ಕ. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಗೆ ಉಡುಪಿಯ ಸೆಷನ್ಸ್ ಕೋರ್ಟಿನಲ್ಲೇ ಅಪೀಲು. 30 ದಿನದೊಳಗೆ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕ ಹಾಕುವುದಿಲ್ಲ, ಆದರೂ ಅದನ್ನು ನಂಬಿ ಸುಮ್ನೆ ಕೂರಬೇಡಿ. ಅಪೀಲು ಮುಗಿಯುವವರೆಗೆ ಶಿಕ್ಷೆ ಅಮಾನತಿನಲ್ಲಿಡುವ (ತಡೆಹಿಡಿಯುವ) ಅರ್ಜಿಯನ್ನೂ ಜೊತೆಗೇ ಹಾಕಿಸಿ.

ಪರೇಡ್ ಆಗಿಲ್ಲ ಎಂಬ ಒಂದೇ ಮಾತಿಗೆ ಕೇಸು ಬೀಳುವುದಿಲ್ಲ. ಕೋರ್ಟಿನಲ್ಲಿ ಗುರುತಿಸಿದ್ದೇ ಮೂಲ ಸಾಕ್ಷ್ಯ. ಆದರೆ ಮುಖವನ್ನೇ ಕಾಣದವರು ಫೋಟೋ ನೋಡಿದ ಮೇಲೆ ಗುರುತಿಸಿದರೆ ಅದಕ್ಕೆ ಬಲ ಎಲ್ಲಿಂದ ಬರಬೇಕು? ನಿಮ್ಮ ಗಟ್ಟಿ ಅಂಶ ಇದೇ. ಪಂಚರು ತಿರುಗಿಬಿದ್ದರೂ ತನಿಖಾಧಿಕಾರಿಯ ಮಾತನ್ನು ಕೋರ್ಟು ನಂಬಬಹುದು. ಹಾಗಾಗಿ ಆ ಅಧಿಕಾರಿಯ ಸಾಕ್ಷ್ಯದ ನಕಲನ್ನು ಸಾಲು ಬಿಡದೆ ಓದಿಸಿ.

ಕಾಪುವಿನವ:
ನಮ್ಮ ಭಾವನ ಅಪೀಲಿಗೆ ಓಡಾಡಿದ್ದು ನಾನೇ. ಹಾಜರಿ ಪುಸ್ತಕಕ್ಕೆ ಹೆಚ್ಚುವರಿ ಸಾಕ್ಷ್ಯದ ಅರ್ಜಿ ಬೇಕು. ಕೆಳಗಿನ ಕೋರ್ಟಿಗೆ ಯಾಕೆ ತರಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ, ಆ ಉತ್ತರ ಈಗಲೇ ಸಿದ್ಧ ಇರಲಿ. ಫೀಸು ಜಾಸ್ತಿ ಅನ್ನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ವರಮಾನ ಮಿತಿಯೊಳಗಿದ್ದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಮಲ್ಪೆಯ ಅಕ್ಕ:
ಈಗಷ್ಟೇ ಪ್ಲಾಂಟಿಗೆ ಹೋಗಿ ಬಂದೆ. ಪುಸ್ತಕ ಇದೆ. ತೇವಕ್ಕೆ ಅಂಚು ಅಂಟಿಕೊಂಡಿದೆ, ಆದರೆ ಆ ದಿನದ ಹಾಳೆಯಲ್ಲಿ ಅವನ ಸಹಿ ಕಾಣುತ್ತದೆ. ಅದನ್ನು ಯಾರಿಗೂ ಕೊಡಬೇಡಿ ಎಂದು ಪ್ಲಾಂಟಿನ ಲೆಕ್ಕ ಬರೆಯುವ ರೈಟರ್ ಅಣ್ಣನಿಗೆ ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆಯೇ ತೀರ್ಪಿನ ನಕಲಿಗೆ ಅರ್ಜಿ ಹಾಕುತ್ತೇನೆ.