ಕ್ಯಾಬರ್ನೆಟ್‌ನಲ್ಲಿ ಅಡಿಕೆ ಚೊಗರು, ಶಿರಾಜ್‌ನಲ್ಲಿ ಕಾಳುಮೆಣಸು: ನಿಮಗೂ ಹೀಗೇ ಅನಿಸುತ್ತಾ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಬೆಂಗಳೂರಿನಲ್ಲಿ ಕೆಲಸ. ದೊಡ್ಡಬಳ್ಳಾಪುರದ ಗ್ರೋವರ್ ಝಾಂಪಾ ಎಂಬ ವೈನ್ ತಯಾರಿಸುವ ಜಾಗ ನೋಡಲು ಗೆಳತಿಯರ ಜೊತೆ ಹೋದಾಗಿನಿಂದ ವೈನ್ ರುಚಿ ನೋಡುವ ಆಸೆ ಹತ್ತಿಕೊಂಡಿದೆ. ಎಂಟು ತಿಂಗಳಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬಾಟಲಿಯ ಹಿಂದೆ ಬ್ಲ್ಯಾಕ್ ಕರಂಟ್, ಗೂಸ್‌ಬೆರಿ ಅಂತೆಲ್ಲ ಬರೆದಿರುತ್ತಾರೆ. ಆ ಹಣ್ಣುಗಳನ್ನು ನಾನು ಕಣ್ಣಲ್ಲೂ ಕಂಡಿಲ್ಲ. ಹಾಗಾಗಿ ನನಗೆ ಗೊತ್ತಿರುವ ರುಚಿಗಳ ಹೆಸರಲ್ಲೇ ಬರೆದುಕೊಳ್ಳುತ್ತೇನೆ.

ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಕುಡಿದಾಗ ಅನಾನಸ್, ಸ್ವಲ್ಪ ಜೇನು ಅನಿಸಿತು. ತುಂಬ ಇಷ್ಟವಾಯಿತು. ಇನ್ನೊಂದು ಬಿಳಿ ವೈನ್ ಸಾವಿನ್ಯೋ ಬ್ಲಾಂಕ್‌ನಲ್ಲಿ ಅರೆಹಣ್ಣಾದ ಪೇರಲೆ, ಅದರ ಹಿಂದೆಯೇ ಆಗ ತಾನೇ ಹೆಚ್ಚಿದ ದಪ್ಪ ಮೆಣಸಿನಕಾಯಿ. ಕೆಂಪು ವೈನ್ ಶಿರಾಜ್‌ನಲ್ಲಿ ಮೊದಲು ನೇರಳೆ ಹಣ್ಣು. ಗ್ಲಾಸನ್ನು ತಿರುಗಿಸಿ ಮತ್ತೆ ಮೂಸಿದರೆ ಕಾಳುಮೆಣಸು! ಅಂಗಳದಲ್ಲಿ ಮೆಣಸು ಒಣಗಲು ಹಾಕಿದಾಗ ಮಧ್ಯಾಹ್ನದ ಬಿಸಿಲಿಗೆ ಏಳುವ ಘಮ ಇದೆಯಲ್ಲ, ಅದೇ. ಎರಡು ನಿಮಿಷ ಸುಮ್ನೆ ಮೂಸುತ್ತಾ ಕೂತಿದ್ದೆ.

ತೊಂದರೆ ಇರುವುದು ಕ್ಯಾಬರ್ನೆಟ್ ಸಾವಿನ್ಯೋ ಎಂಬ ಇನ್ನೊಂದು ಕೆಂಪು ವೈನ್ ಜೊತೆ. ಒಂದು ಗುಟುಕಿಗೇ ಬಾಯೆಲ್ಲ ಒಗರು, ನಾಲಗೆ ದೊರಗು. ಎಳೆ ಅಡಿಕೆ ಜಗಿದ ಹಾಗೆ, ಚೊಗರಿನಲ್ಲಿ (ಅಡಿಕೆ ಬೇಯಿಸಿದಾಗ ಉಳಿಯುವ ಗಾಢ ರಸ) ಬೆರಳದ್ದಿ ನೆಕ್ಕಿದ ಹಾಗೆ. ಎರಡು ಬೇರೆ ಬೇರೆ ಕಂಪನಿಯ ಬಾಟಲಿ ತಂದೆ, ಎರಡೂ ಹೀಗೇ. ಬಾಟಲಿ ಕೆಟ್ಟಿತ್ತಾ, ನನ್ನ ನಾಲಗೆ ಇನ್ನೂ ಪಳಗಿಲ್ಲವಾ? ಮತ್ತೆ ಆ ಮೆಣಸು ನಿಜವಾಗಿ ಶಿರಾಜ್‌ನಲ್ಲಿ ಇರುತ್ತದಾ, ಊರಿನ ನೆನಪಾ?

ಚಿಕ್ಕಬಳ್ಳಾಪುರದ ದ್ರಾಕ್ಷಿ

ಅಕ್ಕ, ಬಾಟಲಿ ಕೆಟ್ಟಿರಲಿಕ್ಕಿಲ್ಲ. ಕೆಟ್ಟಿದ್ದರೆ ವಿನೆಗರ್ ವಾಸನೆಯೋ ಒದ್ದೆ ರಟ್ಟಿನ ವಾಸನೆಯೋ ಬರುತ್ತಿತ್ತು. ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಕೆಂಪು ವೈನು ಸಿಪ್ಪೆ, ಬೀಜದ ಜೊತೆಯೇ ಹುಳಿಯುತ್ತದೆ. ಕ್ಯಾಬರ್ನೆಟ್ ಕಾಯಿ ಸಣ್ಣದು, ಸಿಪ್ಪೆ ದಪ್ಪ, ಅದಕ್ಕೇ ಒಗರು ಜಾಸ್ತಿ.

ಅಂದಹಾಗೆ ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ನೋಡಿದ್ದೀರಾ? ಕ್ರಿಸ್‌ಮಸ್‌ಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಾಡುವುದು ಅದೇ ಹಣ್ಣಿನಿಂದ. ವೈನ್ ಬಲ್ಲವರು ಕೆಲವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಬೇಸರ. ಅದರ ಗಾಢ ಕಂಪು ನನಗೆ ಬೇರೆ ಯಾವ ದ್ರಾಕ್ಷಿಯಲ್ಲೂ ಸಿಕ್ಕಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ನಿಮ್ಮ ಮೂಗು ಸರಿಯಾಗಿಯೇ ಇದೆ, ಮೇಡಂ. ಕಾಳುಮೆಣಸಿಗೆ ಆ ಘಮ ಕೊಡುವ ವಸ್ತುಗಳಲ್ಲಿ ರೊಟಂಡೋನ್ ಅಂತ ಒಂದಿದೆ. ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಅದೇ ಇದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಐದು ಜನರಲ್ಲಿ ಸುಮಾರು ಒಬ್ಬರಿಗೆ ಅದರ ವಾಸನೆ ತಿಳಿಯುವುದೇ ಇಲ್ಲವಂತೆ. ದಪ್ಪ ಮೆಣಸಿನಕಾಯಿ ಕೂಡ ಭ್ರಮೆಯಲ್ಲ, ಅದರಲ್ಲಿರುವ ಪೈರಾಜಿನ್ ಸಾವಿನ್ಯೋ ಬ್ಲಾಂಕ್‌ನಲ್ಲೂ ಇರುತ್ತದೆ.

ಅಡಿಕೆಯ ಹೋಲಿಕೆಯಂತೂ ಬಹಳ ಚೆನ್ನಾಗಿದೆ. ಅಡಿಕೆಯಲ್ಲೂ ದ್ರಾಕ್ಷಿ ಬೀಜದಲ್ಲೂ ಇರುವುದು ಒಂದೇ ಜಾತಿಯ ಟ್ಯಾನಿನ್, ಅಂದರೆ ಒಗರು ಕೊಡುವ ವಸ್ತು. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರುವ ಗುಣ ಹೋಗಿ ನಾಲಗೆ ದೊರಗಾಗುತ್ತದೆ. ಬರೀ ಬಾಯಲ್ಲಿ ಕುಡಿಯಬೇಡಿ, ಚೀಸ್ ಅಥವಾ ಮಟನ್ ಇರಲಿ. ಖಾರ ಕಡಿಮೆ ಇರಲಿ, ಖಾರದ ಜೊತೆ ಒಗರು ಇನ್ನೂ ಕೆರಳುತ್ತದೆ.

ಇಂದಿರಾನಗರ_ರಾತ್ರಿ

ಫ್ರಿಜ್‌ನಲ್ಲಿ ಇಟ್ಟಿದ್ರಾ? ಕೆಂಪು ವೈನನ್ನು ರೂಮಿನ ಬಿಸಿಯಲ್ಲಿ ಕುಡಿಯಬೇಕು ಅನ್ನೋದು ಚಳಿ ದೇಶದ ಲೆಕ್ಕ. 16ರಿಂದ 18 ಡಿಗ್ರಿ ಸಾಕು. ನಮ್ಮ ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ತೀರಾ ತಣ್ಣಗಾದರೆ ಮತ್ತೆ ಒಗರೇ ಮುಂದೆ ಬರುತ್ತದೆ.

ತೋಟದಮನೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೊದಲ ಸಲ ಕ್ಯಾಬರ್ನೆಟ್ ಅನ್ನು ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು ನೇರವಾಗಿ ಸುರಿದುಕೊಂಡಿದ್ದೆ, ಜೊತೆಗೆ ಖಾರದ ಕೋಳಿ ಸುಕ್ಕ. ಎರಡೂ ತಪ್ಪೇ ಅಲ್ವಾ.

ನಿನ್ನೆ ಮತ್ತೆ ಕೂತೆ. ಅರ್ಧ ಗಂಟೆ ತಂಪು, ಜೊತೆಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಚೀಸ್. ಒಗರು ಹೋಗಲಿಲ್ಲ, ಆದರೆ ಅಂಚಿಗೆ ಸರಿದು ಕೂತಿತು. ಅದರ ಅಡಿಯಲ್ಲಿ ಒಣದ್ರಾಕ್ಷಿ, ಹೊಗೆ ಅಟ್ಟದ ಮರದ ವಾಸನೆ ಸಿಕ್ಕಿತು. ಇಷ್ಟು ದಿನ ಇದು ಎಲ್ಲಿ ಅಡಗಿತ್ತೋ.

ಆಮೇಲೆ ಊರಿನ ಮೆಣಸು ನಾಲ್ಕು ಕಾಳು ಕುಟ್ಟಾಣಿಯಲ್ಲಿ ಜಜ್ಜಿ ಶಿರಾಜ್ ಗ್ಲಾಸಿನ ಪಕ್ಕ ಇಟ್ಟೆ. ಇದನ್ನೊಮ್ಮೆ ಅದನ್ನೊಮ್ಮೆ ಮೂಸಿದೆ. ಅಕ್ಕ ತಂಗಿಯರ ಹಾಗಿವೆ. ರೂಮ್‌ಮೇಟ್‌ಗೂ ಕೊಟ್ಟೆ, ಅವಳಿಗೆ ಗ್ಲಾಸಿನಲ್ಲಿ ನೇರಳೆ ಬಿಟ್ಟು ಬೇರೇನೂ ಸಿಗಲಿಲ್ಲ. ಮೇಷ್ಟ್ರು ಹೇಳಿದ ಐದರಲ್ಲಿ ಒಬ್ಬಳು ಅವಳೇ ಇರಬೇಕು.

ಅಡಿಕೆ ಕೊಯ್ಲಿಗೆ ಊರಿಗೆ ಹೋದಾಗ ಒಂದು ಸಣ್ಣ ಸೀಸೆಯಲ್ಲಿ ಚೊಗರು ತರುತ್ತೇನೆ. ಕ್ಯಾಬರ್ನೆಟ್ ಪಕ್ಕ ಇಟ್ಟು ನೋಡಬೇಕು. ಬಣ್ಣವೂ ಹತ್ತಿರವೇ ಇದೆ.