ಅಪ್‌ಡೇಟ್: ಮಡಕೆ ಈಗ ದುಂಡಗೆ ಕಾಣ್ತಿದೆ

ಎಷ್ಟು ಶೇಡ್ ಮಾಡಿದರೂ ಪೆನ್ಸಿಲ್ ಚಿತ್ರದ ಮಣ್ಣಿನ ಮಡಕೆ ಚಪ್ಪಟೆಯಾಗೇ ಕಾಣುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಟ್ಯೂಬ್‌ಲೈಟ್ ಆರಿಸಿ ಎಡಗಡೆ ಒಂದೇ ಟೇಬಲ್ ಲ್ಯಾಂಪ್ ಇಡಿ ಅಂದವರಿಗೆ ಥ್ಯಾಂಕ್ಸ್, ಅರ್ಧ ಕೆಲಸ ಅಲ್ಲೇ ಆಯ್ತು. ತೀರಾ ಕಪ್ಪು ಭಾಗ ಇರೋದು ಬಲ ಅಂಚಿನಲ್ಲಲ್ಲ, ಸ್ವಲ್ಪ ಒಳಗೆ! ಅಂಚಿಗೆ ಮೇಜಿನ ಬಿಳಿ ಬಟ್ಟೆಯಿಂದ ಪುಟಿದ ಬೆಳಕು ಬೀಳುತ್ತೆ. ಆದರೆ ಅದನ್ನ ಬೆಳಕಿನ ಕಡೆಯ ಬೂದು ಛಾಯೆಗಿಂತ ತಿಳಿ ಮಾಡಬಾರದು, ಮಾಡಿದರೆ ಮಡಕೆ ಸ್ಟೀಲ್ ಪಾತ್ರೆ ಥರ ಹೊಳೆಯುತ್ತೆ. ಮೇಜಿನ ಮೇಲೆ ಬಿದ್ದ ನೆರಳನ್ನ ತಳದ ಹತ್ತಿರ 6ಬಿ ಪೆನ್ಸಿಲ್‌ನಲ್ಲಿ (ಮೆತ್ತಗಿನ, ತುಂಬಾ ಕಪ್ಪಾಗಿ ಮೂಡೋದು) ಗಾಢ ಮಾಡಿ, ದೂರ ಹೋದಂತೆ ಮಸುಕಾಗಿಸಿದೆ. ಬೆರಳಲ್ಲಿ ಉಜ್ಜೋ ಸಲಹೆ ನನಗೆ ಹಿಡಿಸಲಿಲ್ಲ; ಮಡಕೆಯ ಮೈಗುಂಟ ಬಾಗಿದ ಗೆರೆಗಳೇ ವಾಸಿ. ಬಾಯಿಯ ಒಳಭಾಗ ಇನ್ನೂ ಬಾಕಿ. ಅಲ್ಲಿ ಎಲ್ಲಾ ಉಲ್ಟಾ: ಲ್ಯಾಂಪ್ ಕಡೆಯ ಒಳಮೈ ಕಪ್ಪು, ಎದುರಿನದು ತಿಳಿ.